ಲಿಕ್ವಿಡ್ ಕೂಲರ್ ಇಲ್ಲದೆ ಸಿಪಿಯು ಸದ್ದು ಇಳಿಸಿದ್ದು: ನನ್ನ ಅನುಭವ

ಮದುವೆ ವಿಡಿಯೋ ಎಡಿಟಿಂಗ್ ಜೊತೆಗೆ ಈಗ ವಾಯ್ಸ್ ಓವರ್ ಕೂಡ ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಕುವೆಂಪುನಗರದ ಮಹಡಿ ರೂಮು, ಕಂಪ್ಯೂಟರ್ ಕ್ಯಾಬಿನೆಟ್‌ನಿಂದ ಮೂರಡಿ ಆಚೆಗೆ ಮೈಕು, ಒಳಗಿನ ಫ್ಯಾನಿನ ಸದ್ದು ಅದಕ್ಕೆ ಸಿಗುತ್ತಿತ್ತು. "ಗುರು, ಲಿಕ್ವಿಡ್ ಹಾಕಿಸದೆ ಆ ಸದ್ದು ಹೋಗಲ್ಲ, ಆರೇಳು ಸಾವಿರ ಎತ್ತಿಡು" ಅಂದವರೇ ಜಾಸ್ತಿ. ಲಿಕ್ವಿಡ್ ಅಂದರೆ ದ್ರವ ಹರಿಸಿ ಪ್ರೊಸೆಸರಿನ ಬಿಸಿ ಎಳೆಯುವ ಕೂಲರ್. ನಾನು ಬರೀ ಗಾಳಿಯ ಕೂಲರ್‌ನಲ್ಲೇ ಎರಡೂವರೆ ಸಾವಿರದ ಒಳಗೆ ಮುಗಿಸಿದ್ದೇನೆ. ಅಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಹಾಕಿಸಿಕೊಂಡಿದ್ದಾರೆ.

ಸಿಸ್ಟಮ್ ಹಳೇದೇ. 2019ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್ ಚಿಪ್ಪು, ಅದರ ಡಬ್ಬದಲ್ಲೇ ಬರುವ ರೈತ್ ಸ್ಟೆಲ್ತ್ ಕೂಲರ್. ಏಪ್ರಿಲ್‌ನಲ್ಲಿ ರೆಂಡರ್‌ಗೆ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಮಾಡೋಕೆ) ಹಾಕಿದರೆ 90 ಡಿಗ್ರಿ ಹತ್ತಿರ ಹೋಗುತ್ತಿತ್ತು, ಫ್ಯಾನು 2500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟುತ್ತಿತ್ತು. ಚಿಪ್ಪಿನ ಮಿತಿ 95, ಹಾಗಾಗಿ ಸುಟ್ಟುಹೋಗುತ್ತೆ ಅನ್ನೋ ಭಯ ಇರಲಿಲ್ಲ. ರೆಂಡರ್ ಸದ್ದನ್ನೂ ಸಹಿಸಬಹುದು, ಆಗ ನಾವು ಊಟಕ್ಕೆ ಎದ್ದಿರುತ್ತೇವೆ. ತಲೆ ಕೆಡಿಸುತ್ತಿದ್ದದ್ದು ಬೇರೆ. ಸುಮ್ನೆ ಒಂದು ಫೋಲ್ಡರ್ ತೆರೆದರೂ ಈ ಚಿಪ್ಪು ಹತ್ತು ಹದಿನೈದು ಡಿಗ್ರಿ ಜಿಗಿದು, ಮರುಕ್ಷಣ ಇಳಿಯುತ್ತದೆ. ಫ್ಯಾನು ಅದರ ಹಿಂದೆಯೇ ಓಡುತ್ತದೆ. ಚಾಮುಂಡಿ ಬೆಟ್ಟ ಹತ್ತುವ ಹಳೇ ಮೊಪೆಡ್ ಥರ ವ್ರೂಂ ಅನ್ನೋದು, ಸುಮ್ಮನಾಗೋದು. ಒಂದೇ ಸಮ ಬರುವ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದು. ಏರಿಳಿಯುವ ಸದ್ದು ಮಾತಿನ ನಡುವೆ ಸಿಕ್ಕಿಕೊಂಡರೆ ಕಿತ್ತು ಹಾಕೋದು ಕಷ್ಟ.

ಮೊದಲು ಧೂಳು ತೆಗೆದು, ಚಿಪ್ಪಿಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಬದಲಿಸಿದೆ. ಮೂರು ನಾಲ್ಕು ಡಿಗ್ರಿ ಇಳಿಯಿತು, ಸದ್ದು ಹಾಗೇ ಇತ್ತು. ಆಮೇಲೆ ಏಳುನೂರು ರೂಪಾಯಿಗೆ ಬಣ್ಣದ ಲೈಟಿನ ಪುಟ್ಟ ಟವರ್ (ತೆಳು ಲೋಹದ ಪಟ್ಟಿಗಳ ಗೋಪುರಕ್ಕೆ ಫ್ಯಾನು ಕಟ್ಟಿದ ಕೂಲರ್) ಬಂತು. ಅದರದು 92 ಎಂಎಂ ಫ್ಯಾನು. ಚಿಕ್ಕ ಫ್ಯಾನು ಅಷ್ಟೇ ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಲೇಬೇಕು, ಅಲ್ವಾ? ತಿಂಗಳು ತುಂಬುವಷ್ಟರಲ್ಲಿ ಬೇರಿಂಗ್ ಕಿರ್ ಅನ್ನತೊಡಗಿತು. ಏಳುನೂರು ಹೋಯಿತು. ಮೂರನೆಯದು ಸೆಕೆಂಡ್ ಹ್ಯಾಂಡ್ ದೊಡ್ಡ ಟವರ್. ತಣ್ಣಗೇನೋ ಇಡುತ್ತಿತ್ತು. ಆದರೆ ಎತ್ತರ 160 ಎಂಎಂ ಹತ್ತಿರ, ನನ್ನ ಕ್ಯಾಬಿನೆಟ್ ಒಳಗೆ ಇದ್ದದ್ದು 155ರ ಆಸುಪಾಸು. ಪಕ್ಕದ ಬಾಗಿಲು ಮುಚ್ಚಲೇ ಇಲ್ಲ. ಕೊಂಡ ಬೆಲೆಗೇ ಮಾರಿದೆ.

ಕೊನೆಗೆ ಉಳಿದದ್ದು ಡೀಪ್‌ಕೂಲ್ ಎಜಿ400. ಚಿಪ್ಪಿನ ಬಿಸಿ ಎಳೆದೊಯ್ಯುವ ನಾಲ್ಕು ಹೀಟ್ ಪೈಪು, 120 ಎಂಎಂ ಫ್ಯಾನು, ಎತ್ತರ 150. ಬಣ್ಣದ ಲೈಟಿಲ್ಲದ್ದನ್ನೇ ತರಿಸಿದೆ, 1,700 ಆಸುಪಾಸು ಬಿತ್ತು. ಈ ಅಳತೆಯ ಬೇರೆ ಕಂಪನಿಯದಾದರೂ ನಡೆಯುತ್ತೆ. ನೋಡಬೇಕಾದ್ದು 120ರ ಫ್ಯಾನು, ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡಿಸುವ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ವೈರು, ಮತ್ತೆ ಎತ್ತರ. ಕಂಪನಿ ಲೆಕ್ಕದಲ್ಲಿ 65 ವ್ಯಾಟಿನ ಚಿಪ್ಪಿಗೆ ಎರಡು ಟವರ್, ಎರಡು ಫ್ಯಾನು ಅಂತ ಹೋಗೋದು ದುಡ್ಡಿನ ದಂಡ.

ಹಳೇದನ್ನು ಬಿಚ್ಚುವ ಮುಂಚೆ ಒಂದು ಹತ್ತು ನಿಮಿಷ ರೆಂಡರ್ ಓಡಿಸಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ. ಅದು ಜಾರಿದ್ದು ಕೈಗೆ ಗೊತ್ತಾದ ಮೇಲೆ ಎತ್ತಿ. ತಣ್ಣಗಿದ್ದಾಗ ನೇರ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರಬಹುದು. ಎಎಂ4ರಲ್ಲಿ (ಈ ಚಿಪ್ಪು ಕೂರುವ ಸಾಕೆಟ್) ಪಿನ್ನುಗಳು ಪ್ರೊಸೆಸರ್‌ಗೇ ಇರೋದು, ಬಗ್ಗಿದರೆ ಕಥೆ ಮುಗಿಯಿತು. ಇನ್ನೊಂದು: ಸ್ಕ್ರೂ ಬಿಚ್ಚಿದ ಕೂಡಲೇ ಬೋರ್ಡಿನ ಹಿಂದಿನ ಪ್ಲೇಟ್ ಕಳಚುತ್ತದೆ. ಒಂದು ಕೈ ಹಿಂದೆಯೇ ಇರಲಿ.

ನಿಜವಾದ ಕೆಲಸ ಇರೋದು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ನಲ್ಲಿ. ಹೊಸ ಕೂಲರ್ ಹಾಕಿ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನೋ ಗೆರೆ) ಮುಟ್ಟದೆ ಬಿಟ್ಟರೆ ಇದೂ ಹಾಗೇ ವ್ರೂಂ ಅನ್ನುತ್ತದೆ, ದನಿ ಸ್ವಲ್ಪ ದಪ್ಪ ಅಷ್ಟೇ. ನಾನು 65 ಡಿಗ್ರಿವರೆಗೆ ಗೆರೆಯನ್ನು ಮಟ್ಟಸ ಮಾಡಿ 800 ಆರ್‌ಪಿಎಂ ಹತ್ತಿರ ನಿಲ್ಲಿಸಿದೆ. ಅಲ್ಲಿಂದ 80ರವರೆಗೆ ನಿಧಾನ ಏರಿಕೆ. ಅದರ ಮೇಲಿನ ಎರಡು ಬಿಂದು ಎಲ್ಲಿಟ್ಟಿದ್ದೇನೆ ಅನ್ನೋದನ್ನು ಹಾಕಿಸಿಕೊಳ್ಳೋಕೆ ಬಂದವರಿಗೆ ಹೇಳುತ್ತೇನೆ. ಕ್ಯಾಬಿನೆಟ್ ಕಾಲಿನ ಕೆಳಗೆ ಏನಿಟ್ಟಿದ್ದೇನೆ ಅನ್ನೋದನ್ನೂ ಅಷ್ಟೇ.

ಇದರ ನಡುವೆ ಬೇರೆ ಆಟಗಳೂ ನಡೆದವು. ಹಾಸಿಗೆಯ ಫೋಮ್ ಕತ್ತರಿಸಿ ಒಳಗಡೆ ಅಂಟಿಸಿದೆ. ಸದ್ದು ಕೂದಲೆಳೆಯಷ್ಟು ಇಳಿಯಿತು, ಬಿಸಿ ಐದು ಡಿಗ್ರಿ ಏರಿತು, ಕಿತ್ತೆಸೆದೆ. ಕ್ಯಾಬಿನೆಟ್ ಮುಂದಿನ ಗಾಜಿನ ಮುಚ್ಚಳ ತೆಗೆದು ಸೊಳ್ಳೆ ಪರದೆಯ ತುಂಡು ಕಟ್ಟಿದೆ. ಐದಾರು ಡಿಗ್ರಿ ಇಳಿಯಿತು, ಖರ್ಚು ಸೊನ್ನೆ. ಅದು ಈಗಲೂ ಇದೆ. "ರೀ, ಇದೇನು ಇದಕ್ಕೂ ಸೊಳ್ಳೆ ಕಚ್ಚುತ್ತಾ?" ಅಂತ ಮನೆಯವಳು ಕೇಳಿದ್ದಳು. ಚಿಪ್ಪು ಕಡಿಮೆ ಕರೆಂಟ್ ಎಳೆಯುವ ಹಾಗೆ ಮಾಡುವ ಇಕೋ ಮೋಡ್ ಸೆಟ್ಟಿಂಗ್ ಕೂಡ ನೋಡಿದೆ. ಪೂರ್ತಿ ದುಡಿಯುವಾಗ ಚಿಪ್ಪು ನಿಜಕ್ಕೂ ಎಳೆಯುವ 88ರ ಬದಲು 60 ವ್ಯಾಟಿಗೆ ನಿಲ್ಲುತ್ತದೆ, ಗಂಟೆಯ ರೆಂಡರ್‌ಗೆ ನಾಲ್ಕೈದು ನಿಮಿಷ ಜಾಸ್ತಿ ಹಿಡಿಯಿತು. ಕೈಯಲ್ಲಿ ದುಡ್ಡಿಲ್ಲದವರು ಕೂಲರ್‌ಗೆ ಮುಂಚೆ ಇದನ್ನೇ ಮಾಡಿ ನೋಡಿ.

ಈ ಏಪ್ರಿಲ್‌ನಲ್ಲಿ ಅದೇ ರೂಮು, ಅದೇ ಥರದ ಮದುವೆ ಫೈಲು, 72-74 ಡಿಗ್ರಿ. ಫ್ಯಾನು 1200 ದಾಟಿದ್ದನ್ನು ನಾನು ನೋಡಿಲ್ಲ. ರೆಕಾರ್ಡಿಂಗ್ ಹೊತ್ತಿನಲ್ಲಿ ಮೈಕಿಗೆ ಸಿಗೋದು ಹೊರಗಿನ ಆಟೋ, ತರಕಾರಿ ಗಾಡಿಯವನ ಮೈಕು.

ಇಂಟೆಲ್ ಪ್ರೊಸೆಸರ್ ಇರುವವರು ಒಂದು ನೋಡಿಕೊಳ್ಳಿ. 12ನೇ ಜನರೇಷನ್‌ನಿಂದ ಸಾಕೆಟ್ ಸುತ್ತಲ ತೂತುಗಳ ಅಂತರ 75ರಿಂದ 78 ಎಂಎಂ ಆಗಿದೆ. ಹಳೇ ಸ್ಟಾಕಿನ ಕೂಲರ್ ಅಗ್ಗಕ್ಕೆ ಸಿಕ್ಕಿದರೆ ಆ ಸಾಕೆಟ್‌ನ, ಅಂದರೆ ಎಲ್‌ಜಿಎ 1700ರ ಬ್ರಾಕೆಟ್ ಡಬ್ಬದಲ್ಲಿದೆಯಾ ಅಂತ ತೆರೆಸಿ ನೋಡಿಯೇ ದುಡ್ಡು ಕೊಡಿ. ನನ್ನ ಹಳೇ ಸ್ಟೆಲ್ತ್ ಮುನ್ನೂರಕ್ಕೆ ಹೋಯಿತು. ಕಿರ್ ಅನ್ನೋ ಲೈಟಿನ ಕೂಲರನ್ನು ಮಾತ್ರ ಯಾರೂ ಕೇಳುತ್ತಿಲ್ಲ.