ಪಂಚಾಯಿತಿ ಗಣಿತ ಸ್ಪರ್ಧೆಗೆ ಮಕ್ಕಳನ್ನು ಕಳಿಸುವವರಿಗೆ

ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ಇರುವುದು 4, 5, 6ನೇ ತರಗತಿ ಮಕ್ಕಳಿಗೆ. ಇದಕ್ಕೆ ಪೇಟೆಯಿಂದ ದಪ್ಪ ಗೈಡ್ ತರಬೇಡಿ. ಹಿಂದಿನ ತರಗತಿಯ ಲೆಕ್ಕ ಗಟ್ಟಿಯಾದರೆ ಅರ್ಧ ಕೆಲಸ ಮುಗೀತು.

ಮೊದಲು ಕಳೆಯುವ ಲೆಕ್ಕ ನೋಡಿ. ಮಗುವಿಗೆ 503ರಲ್ಲಿ 268 ಕಳೆಯಲು ಹೇಳಿ. 365 ಅಂತ ಬರೆದರೆ, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ ಅಂತ ಅರ್ಥ. ಬೈಯಬೇಡಿ, ಸ್ಥಾನಬೆಲೆ ಇನ್ನೂ ಕೂತಿಲ್ಲ ಅಷ್ಟೇ. ಕಾಗದದಲ್ಲಿ ನೂರು, ಹತ್ತು, ಒಂದು ರೂಪಾಯಿಯ ಆಟದ ನೋಟು ಮಾಡಿ. ಐದು ನೂರರ ನೋಟು, ಮೂರು ಒಂದರ ನೋಟು ಕೈಗೆ ಕೊಡಿ. ಒಂದು ನೂರನ್ನು ಹತ್ತು ಹತ್ತರ ನೋಟಾಗಿ, ಅದರಲ್ಲಿ ಒಂದನ್ನು ಹತ್ತು ಒಂದರ ನೋಟಾಗಿ ಚಿಲ್ಲರೆ ಮಾಡಿಸಿ. ಈಗ 4 ನೂರು, 9 ಹತ್ತು, 13 ಬಿಡಿ. ಅದರಿಂದ 268 ತೆಗೆದರೆ 235 ಕಣ್ಣೆದುರೇ ಉಳಿಯುತ್ತದೆ. ಶಾಲೆಯಲ್ಲಿ ಗಣಿತ ಕಿಟ್ ಇದ್ದರೆ ಇನ್ನೂ ಒಳ್ಳೆಯದು, ಮೇಷ್ಟ್ರನ್ನು ಕೇಳಿ ಹೊರಗೆ ತೆಗೆಸಿ. ಬೀರುವಿನಲ್ಲಿಟ್ಟರೆ ಯಾರಿಗೂ ಉಪಯೋಗ ಇಲ್ಲ ಅಲ್ವಾ?

ಭಿನ್ನರಾಶಿಗೆ ಒಂದೇ ಅಳತೆಯ ಕಾಗದ ಮಡಚಿಸಿ. 1/4 ಯಾಕೆ 1/3ಕ್ಕಿಂತ ಚಿಕ್ಕದು ಅಂತ ಮಗುವೇ ಹೇಳಲಿ.

ಮಾತಿನ ಲೆಕ್ಕಗಳನ್ನು ಜೋರಾಗಿ ಓದಿಸಿ. ಎಷ್ಟೋ ಮಕ್ಕಳಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥ ಆಗಿರಲ್ಲ. ‘ಇಲ್ಲಿ ಏನು ಕೇಳ್ತಿದ್ದಾರೆ?’ ಅಂತ ಮೊದಲು ಅವರ ಮಾತಲ್ಲೇ ಹೇಳಿಸಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಬಹುಮಾನದ ಮಾತು ಮಾತ್ರ ಮನೆಯಲ್ಲಿ ಜಾಸ್ತಿ ಆಡಬೇಡಿ, ದಯವಿಟ್ಟು.