ಹೊಸ ಪ್ಯಾಡ್ ಹಾಕೋ ಮುಂಚೆ ಪಿಸ್ಟನ್ ಒರೆಸಿ

ಬೈಕಿನ ಡಿಸ್ಕ್ ಬ್ರೇಕ್ ಪ್ಯಾಡಿನ ಸವೆಯುವ ಪದರ 1.5 ಮಿ.ಮೀ.ಗೆ ಬಂದರೆ ಬದಲಿಸಿಬಿಡಿ. ಕಿರ್ ಅನ್ನೋವರೆಗೆ ಕಾದರೆ ಡಿಸ್ಕೂ ಹಾಳು.

ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡೋ ರಸ್ತೆಯ ಕೆಸರು ಕ್ಯಾಲಿಪರ್ (ಪ್ಯಾಡ್ ಕೂರೋ ಹಿಡಿಕೆ) ಒಳಗೆ ಒಣಗಿ ಕೂತಿರುತ್ತೆ. ಪ್ಯಾಡ್ ಸವೆದಷ್ಟೂ ಅದನ್ನ ಡಿಸ್ಕಿಗೆ ಒತ್ತೋ ಪಿಸ್ಟನ್ ಹೊರಗೆ ಬಂದಿರುತ್ತೆ, ಅದರ ಮೈಗೂ ಅದೇ ಮಣ್ಣು. ದಪ್ಪಗಿರೋ ಹೊಸ ಪ್ಯಾಡಿಗೆ ಜಾಗ ಮಾಡೋಕೆ ಅದನ್ನ ಹಾಗೇ ಒಳಗೆ ಒತ್ತಿದರೆ ಸುತ್ತಲಿನ ರಬ್ಬರ್ ಸೀಲ್ ಗೀರಿ ಬ್ರೇಕ್ ಆಯಿಲ್ ಸೋರುತ್ತೆ, ಇಲ್ಲವೇ ಪಿಸ್ಟನ್ ಸಿಕ್ಕಿಕೊಂಡು ಬ್ರೇಕ್ ಹಿಡಿದೇ ಇರುತ್ತೆ. ಹಳೇ ಟೂತ್‌ಬ್ರಷ್, ಸೋಪಿನ ನೀರು ಸಾಕು. ಪೆಟ್ರೋಲ್ ಖಂಡಿತ ಬೇಡ, ರಬ್ಬರ್ ಉಬ್ಬುತ್ತೆ. ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ.

ಪಿಸ್ಟನ್ ಒತ್ತುವಾಗ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುತ್ತೆ, ಸುತ್ತ ಬಟ್ಟೆ ಕಟ್ಟಿ. ಟ್ಯಾಂಕ್ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತೆ.

ಗಾಡಿ ಎತ್ತೋ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗೋವರೆಗೆ ಮತ್ತೆ ಮತ್ತೆ ಒತ್ತಿ. ಇದನ್ನ ಮರೆತರೆ ಮೊದಲ ತಿರುವಲ್ಲೇ ಬ್ರೇಕ್ ಇರಲ್ಲ! ಮೊದಲ 150 ಕಿ.ಮೀ. ಬ್ರೇಕ್ ಮೆಲ್ಲಗೆ ಹಿಡಿಯಿರಿ, ಅವತ್ತೇ ಚಾಮುಂಡಿ ಬೆಟ್ಟ ಇಳಿಯೋದು ಬೇಡ.

ಟೈರೂ ಹಾಕಿಸೋದಾದರೆ ಬಾಣದ ಗುರುತು ಚಕ್ರ ತಿರುಗೋ ಕಡೆಗಿರಲಿ. ಟೈರಿನ ಪಕ್ಕೆ ಮೇಲಿನ ನಾಲ್ಕಂಕಿಯನ್ನೂ ಓದಿ: 2325 ಅಂದರೆ 2025ರ 23ನೇ ವಾರದ ಮಾಲು.