ಸ್ಟೇಜ್ ಮ್ಯಾಲೆ 5 ನಿಮಿಷ: ಮಂದಿ ಕಿವಿಗೊಟ್ಟು ಕೇಳುವಂಗ ಮಾತಾಡೋದು ಹೆಂಗ?

ಸೆಪ್ಟೆಂಬರ್ 17, ಅಂದ್ರ ಕಲ್ಯಾಣ ಕರ್ನಾಟಕ ವಿಮೋಚನಾ ದಿನ ಹತ್ರ ಬಂತಂದ್ರ ನಮ್ಮ ಕಲಬುರಗಿ ಸಾಲಿ-ಕಾಲೇಜಿನಾಗ ಭಾಷಣದ ತಯಾರಿ ಚಾಲೂ ಆಗ್ತದ, ಹುಡುಗ್ರು ಮೊಬೈಲ್‌ನಾಗ ಎರಡು ಪೇಜ್ ಹುಡುಕಿ ಬಾಯಿಪಾಠ ಮಾಡ್ತಾರ, ಸ್ಟೇಜ್ ಮ್ಯಾಲೆ ಒಂದು ಲೈನ್ ಮರೆತ್ರ ಅಲ್ಲೇ ನಿಂತು ಅಳೋ ಹಂಗ ಆಗ್ತದ. ಇದು ಮಕ್ಕಳ ತಪ್ಪಲ್ಲ. ಬಾಯಿಪಾಠನೇ ಭಾಷಣ ಅಂತ ನಂಬಿಸಿದವ್ರು ಕಲಿಸೋ ನಾವೇ.

ಮೊದಲ ಕೆಲಸ ಏನಂದ್ರ, ಕೇಳಿದವ್ರು ಮನಿಗೆ ಹೊತ್ಕೊಂಡು ಹೋಗಬೇಕಾದ ಮಾತು ಯಾವುದು ಅಂತ ಒಂದೇ ಸಾಲಿನಾಗ ಬರೀರಿ. ವಿಮೋಚನಾ ದಿನ ಅಂದಕೂಡ್ಲೇ ಹೈದರಾಬಾದ್ ಸಂಸ್ಥಾನ ಆಳ್ತಿದ್ದ ನಿಜಾಮ, ಅವನ ಪರ ನಿಂತ ರಜಾಕಾರರ ಪಡೆ, ಭಾರತದ ಸೇನೆ ನಡೆಸಿದ ಆಪರೇಷನ್ ಪೋಲೋ, ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ಕಲಂ ಎಲ್ಲಾ 5 ನಿಮಿಷದಾಗ ತುರುಕಬ್ಯಾಡ್ರಿ. 1947ರ ಆಗಸ್ಟ್ 15ಕ್ಕ ದೇಶಕ್ಕ ಸ್ವಾತಂತ್ರ್ಯ ಬಂದ್ರೂ ನಿಜಾಮನ ಆಳ್ವಿಕೆಯಾಗಿದ್ದ ನಮ್ಮ ಕಡಿ ಮಂದಿ ಭಾರತಕ್ಕ ಸೇರಾಕ 1948ರ ಸೆಪ್ಟೆಂಬರ್ 17ರ ತನಕ, ಅಂದ್ರ ಮತ್ತ 13 ತಿಂಗಳು ಕಾದ್ರು. ಇದೊಂದೇ ಸಾಕು. ಆ ಕಾಯೋದು ಹೆಂಗಿತ್ತು ಅಂತ ನಿಮ್ಮ ಓಣಿಯಾಗಿನ ಹಿರೇರನ್ನ ಕೇಳ್ರಿ, ಅವ್ರು ಹೇಳಿದ್ದು ಒಂದು ಸಂಗತಿ ಸಿಕ್ಕರೂ ಮೊಬೈಲಿನ ಎರಡು ಪೇಜ್‌ಗಿಂತ ಭಾಳ ತೂಕದ್ದು.

ಶುರು ಮಾಡೋವಾಗ ವೇದಿಕೆ ಮ್ಯಾಲೆ ಕುಂತವರ ಹೆಸರೆಲ್ಲಾ ಓದಬ್ಯಾಡ್ರಿ, ಆ ಕೆಲಸ ನಿರೂಪಕರು ಆಗ್ಲೇ ಮಾಡಿರ್ತಾರ. "ಎಲ್ಲರಿಗೂ ಶರಣು" ಅಂದು ಸೀದಾ ವಿಷಯಕ್ಕ ಬರ್ರಿ.

ಇನ್ನ ಎದುರಿಗೆ ಯಾರು ಕುಂತಾರ ಅನ್ನೋದು. ತೊಗರಿ ಬೆಳೆಯೋ ರೈತರ ಮುಂದ ನೆಟೆ ರೋಗದ ಬಗ್ಗೆ ಮಾತಾಡೋದಿದ್ರ "ಶಿಲೀಂಧ್ರಜನ್ಯ ರೋಗವು" ಅಂತ ಶುರು ಮಾಡಿದ್ರ ಅರ್ಧ ಮಂದಿ ಎದ್ದು ಚಾ ಕುಡ್ಯಾಕ ಹೋಗ್ತಾರ. "ಹೋದ ವರ್ಷ ನಿಮ್ಮ ಹೊಲದಾಗ ಹೂವಿದ್ದಾಗ್ಲೇ ಒಣಗಿದ ಗಿಡ ಎಷ್ಟಿದ್ವು?" ಅಂತ ಕೇಳಿ ಸ್ವಲ್ಪ ಸುಮ್ನ ನಿಲ್ರಿ. ಅವ್ರು ಮನಸಿನಾಗ ಎಣಿಸ್ತಿರ್ತಾರ. ಆಮ್ಯಾಲೆ ರೋಗ ಮಣ್ಣಾಗೇ ಉಳೀತದ, ಅದಕ್ಕ ಬಿತ್ತೋ ಮುಂಚೆ ಕೆಜಿ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡಿಯೋ ಉಪಕಾರಿ ಶಿಲೀಂಧ್ರದ ಪುಡಿ) ಹಚ್ರಿ ಅಂತ ಹೇಳಿದ್ರ ಆ ನಂಬರ್ ನೆನಪಿರ್ತದ. ಹತ್ತು ನಂಬರ್ ಹೇಳಿದ್ರ ಒಂದೂ ಉಳ್ಯಂಗಿಲ್ಲ.

ಭಾಷಾ ಬಗ್ಗೆ ನನಗ ಹೊಟ್ಟಿ ಉರೀತದ. ಮನ್ಯಾಗ "ಅದ, ಹೌದ್ರಿ" ಅಂತ ಚಂದಂಗೆ ಮಾತಾಡೋ ಹುಡುಗಿಗೆ ಸ್ಟೇಜ್ ಮ್ಯಾಲೆ "ಇರುತ್ತದೆ" ಅನ್ಬೇಕು ಅಂತ ತಿದ್ದಿದ್ರ, ಆಕಿ ಧ್ಯಾನ ಪೂರಾ ವ್ಯಾಕರಣದ ಮ್ಯಾಲೇ ಹೋಗಿ ದನಿಯಾಗಿನ ಜೀವ ಹೋಗ್ತದ. ನಮ್ಮ ಮಾತಿನಾಗೇ ಮಾತಾಡ್ಲಿ ಬಿಡ್ರಿ, ಬೀದರ್‌ದಿಂದ ಯಾದಗಿರಿ ತನಕ ತಿಳಿಯೋ ಮಾತದು.

ತಯಾರಿಗೆ ಸಣ್ಣ ಚೀಟಿ ಮ್ಯಾಲೆ ನಾಲ್ಕೇ ಶಬ್ದ ಬರ್ಕೊಳ್ರಿ, ಮೊದಲ ಸಾಲು ಕಡೀ ಸಾಲು ಅಷ್ಟೇ ಬಾಯಿಪಾಠ ಇರ್ಲಿ. ಮೊಬೈಲ್‌ನಾಗ ಟೈಮರ್ ಹಚ್ಚಿ, ನಿಂತು, ಜೋರಾಗಿ ಮೂರು ಸಲ ಹೇಳ್ರಿ. ಮಾತು ಉದ್ದ ಇರಬೇಕಂತಿಲ್ಲ. 1863ರಾಗ ಅಮೆರಿಕದ ಗೆಟ್ಟಿಸ್‌ಬರ್ಗ್‌ನಾಗ ಆ ಕಾಲದ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ತಾಸು ಮಾತಾಡಿದ್ರು, ಅವರಾದ ಮ್ಯಾಲೆ ಅಧ್ಯಕ್ಷ ಲಿಂಕನ್ ಮಾತಾಡಿದ್ದು ಎರಡು-ಮೂರು ನಿಮಿಷ ಅಷ್ಟೇ, ಜಗತ್ತು ನೆನಪಿಟ್ಟಿದ್ದು ಲಿಂಕನ್ ಮಾತು. ಲಿಂಕನ್ ಎರಡು ನಿಮಿಷದಾಗ ಮುಟ್ಟಿದ ಮೂಲ ವಿಚಾರದ ಹತ್ರ ತಾವು ಎರಡು ತಾಸಿನಾಗ ಬಂದಿದ್ರೂ ಖುಷಿ ಆಗ್ತಿತ್ತು ಅಂತ ಮರುದಿನ ಎವರೆಟ್ ಅವರೇ ಪತ್ರ ಬರ್ದ್ರು.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರ್ಲಿ. ಕರೆಂಟ್ ಹೋದ್ರ ಗಾಬರಿ ಆಗಬ್ಯಾಡ್ರಿ, ಎರಡು ಹೆಜ್ಜಿ ಮುಂದ ಬಂದು ಹಿಂದಿನ ಸಾಲಿನವ್ರನ್ನ ನೋಡ್ಕೋತ ನಿಧಾನಕ್ಕ ಮಾತು ಮುಂದುವರಸ್ರಿ.